ಒದೆಸಿಕೊಂಡ ಹುಡುಗ, ಊದದ ಸೀಟಿ

ಫುಟ್ಬಾಲ್ ಅಂಗಳದಲ್ಲಿ ಎದುರಾಳಿಯ ಒದೆ ತಿಂದು ಬಿದ್ದ ಹನ್ನೆರಡು ವರ್ಷದ ಹುಡುಗನಿಗೆ ನಮ್ಮಲ್ಲಿ ಎರಡೇ ಉಪದೇಶ. ಗೆರೆಯಾಚೆ ನಿಂತ ಅಣ್ಣಂದಿರು, ಮಾಮೂಗಳು ಕೂಗುತ್ತಾರೆ: ‘ಲೇ, ಬಿಡಬ್ಯಾಡ, ತಿರುಗಿ ಒದಿ!’ ಮನೆಗೆ ಬಂದರೆ ಅಮ್ಮಿಯೋ ದಾದಿಯೋ ಊದಿದ ಮೊಣಕಾಲಿಗೆ ಅರಿಶಿನ ಹಚ್ಚುತ್ತಾ ಹೇಳುತ್ತಾರೆ: ‘ಸಬರ್ ಕರ್ ಬೇಟಾ.’ ಒಂದು ಉಪದೇಶ ಕಾಲಿಗೆ, ಇನ್ನೊಂದು ಎದೆಗೆ. ಆದರೆ ಎರಡೂ ಹೋಗುವುದು ಒದೆಸಿಕೊಂಡವನ ವಿಳಾಸಕ್ಕೇ. ಒದ್ದವನಿಗೆ ಏನು ಹೇಳಬೇಕು, ಸೀಟಿ ಹಿಡಿದು ನಡುವೆ ನಿಂತಿದ್ದ ದೊಡ್ಡವರನ್ನು ಏನು ಕೇಳಬೇಕು ಎಂಬ ಮಾತು ಏಳುವುದೇ ಇಲ್ಲ.

ಈ ಉಪದೇಶಗಳು ಅಂಗಳದಲ್ಲಿ ಹುಟ್ಟಿದವಲ್ಲ. ನಾವು ನೋಡುವ ಸಿನೆಮಾ, ಹೇಳುವ ಕಥೆ, ಗೋಡೆಗೆ ಅಂಟಿಸುವ ಚಿತ್ರಗಳಿಂದ ಇಳಿದು ಬಂದವು. ಕಥೆ ಬರೆಯುವ ಕಸುಬಿನವರಾದ ನಮಗೆ ಆದ್ದರಿಂದ ಇದು ಆಟದ ಪ್ರಶ್ನೆಯಷ್ಟೇ ಕಥನದ ಪ್ರಶ್ನೆಯೂ ಹೌದು. ಒದೆಸಿಕೊಂಡವನ ಬಗ್ಗೆ ನಮ್ಮ ಕಾಲ ಎಂಥ ಕಥೆಗಳನ್ನು ಕಟ್ಟಿದೆ? ಆ ಕಥೆಗಳು ಯಾರನ್ನು ಚೌಕಟ್ಟಿನೊಳಗೆ ಇಡುತ್ತವೆ, ಯಾರನ್ನು ಹೊರಗೆ ಬಿಡುತ್ತವೆ? ಅದನ್ನು ನೋಡುವುದು ಈ ಬರಹದ ಉದ್ದೇಶ.

ಗರಸು ನೆಲ, ಹುಲ್ಲು ನೆಲ

ಮೊದಲು ನಮ್ಮ ಅಂಗಳ. ಬಳ್ಳಾರಿ ದಂಡಿನ ಊರು. ನಿಜಾಮರು 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಕಂಟೋನ್ಮೆಂಟ್ ಬೆಳೆಯಿತು. ದಂಡು ಬೀಡುಬಿಟ್ಟ ಊರುಗಳಿಗೆ ಈ ಆಟ ಬಂದದ್ದು ಬಹುಮಟ್ಟಿಗೆ ಸಿಪಾಯಿಗಳ ಬೂಟಿನ ಜೊತೆಗೇ. ಇಂದಿಗೂ ನಗರದ ಮಟ್ಟಿಗೆ ಫುಟ್ಬಾಲಿಗೆ ಒಂದು ನೆಲೆ ಇದೆ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದಲ್ಲಿ, ದೊಡ್ಡ ಬಸವೇಶ್ವರನ ಕುರುಗೋಡಿನಲ್ಲಿ ಹುಡುಗರ ಒಲವು ಹೆಚ್ಚು ಕಬಡ್ಡಿ, ಖೋಖೋ, ವಾಲಿಬಾಲ್ ಕಡೆಗೆ. ಮಿಕ್ಕ ಹೊತ್ತೆಲ್ಲ ಕ್ರಿಕೆಟ್ಟಿನದು. ಆದರೂ ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟದಲ್ಲಿ ಫುಟ್ಬಾಲಿಗೂ ಜಾಗವುಂಟು. ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ಕಲಬುರಗಿ ವಿಭಾಗಕ್ಕೆ, ಆಮೇಲೆ ರಾಜ್ಯಕ್ಕೆ. ನಸುಕಿನಲ್ಲಿ ಎದ್ದು, ಬಸ್ಸು ಹಿಡಿದು, ಬುತ್ತಿ ಕಟ್ಟಿಕೊಂಡು ಬಳ್ಳಾರಿಗೆ ಬಂದ ಮಕ್ಕಳು ಬೂಟು ಕಟ್ಟಿದ ನಗರದ ಮಕ್ಕಳನ್ನು ಎದುರಿಸುವುದು ಇಂಥ ಮೆಟ್ಟಿಲಿನಲ್ಲಿಯೇ.

ಇದೇ ಜಿಲ್ಲೆಯ ಸಂಡೂರು ತಾಲ್ಲೂಕಿನ ವಿಜಯನಗರದಲ್ಲಿ, ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ, 2018ರಲ್ಲಿ ಆರಂಭವಾದ ಇನ್ಸ್‌ಪೈರ್ ಇನ್ಸ್‌ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯ ಎಳೆಯ ಆಟಗಾರರು ಪಳಗಿದ್ದು ಅಲ್ಲಿ. ಹುಲ್ಲಿನ ಮೈದಾನ, ತರಬೇತಾದ ಕೋಚ್, ಗಾಯಕ್ಕೆ ಫಿಜಿಯೊ. ಕೆಲವೇ ಮೈಲಿ ಆಚೆ, ಸರಕಾರಿ ಶಾಲೆಯ ಅಂಗಳದಲ್ಲಿ ಬಿದ್ದರೆ ಮೈ ತರಚುವ ಗರಸು. ಇಲ್ಲಿ ರೆಫರಿ ಎಂದರೆ ಬೆಳಗ್ಗೆ ಪ್ರಾರ್ಥನೆ ನಡೆಸಿ, ಬಿಸಿಯೂಟದ ಸಾಲು ನೋಡಿಕೊಂಡು, ಮಧ್ಯಾಹ್ನ ಸೀಟಿ ಹಿಡಿಯುವ ಪಿ.ಟಿ. ಮೇಷ್ಟ್ರು. ಅವರ ಕಷ್ಟ ನಮಗೆ ಗೊತ್ತು. ಅನೇಕ ಶಾಲೆಗಳಲ್ಲಿ ಆ ಹುದ್ದೆಯೇ ಖಾಲಿ. ಆದರೆ ಒದೆ ತಿನ್ನುವ ಮೊಣಕಾಲಿಗೆ ಹುದ್ದೆ ಖಾಲಿ ಇರುವ ವಿಷಯ ತಿಳಿಯದು.

ಇನ್ನೊಂದು ಸತ್ಯವನ್ನೂ ಇಲ್ಲೇ ಹೇಳಿಬಿಡಬೇಕು. ಮಕ್ಕಳ ಪಂದ್ಯಗಳಲ್ಲಿ ‘ಒರಟು ಎದುರಾಳಿ’ ಎನಿಸಿಕೊಳ್ಳುವವನು ಎಷ್ಟೋ ಸಲ ಒರಟನಲ್ಲ, ದೊಡ್ಡವನು. ಹದಿನಾಲ್ಕರ ಒಳಗಿನವರ ಪಂದ್ಯದಲ್ಲಿ ಮೀಸೆ ಚಿಗುರಿದವನು ನಿಂತಿದ್ದರೆ ಅದು ಹುಡುಗನ ತಪ್ಪಲ್ಲ, ಜನನ ಪತ್ರ ತಿದ್ದಿದ ಹಿರಿಯರ ತಪ್ಪು. ಫಿಫಾ 2009ರಿಂದ ಹದಿನೇಳರ ಒಳಗಿನವರ ವಿಶ್ವಕಪ್ಪಿನಲ್ಲಿ ಮಣಿಕಟ್ಟಿನ ಎಂ.ಆರ್.ಐ. ಪರೀಕ್ಷೆ ತಂದದ್ದೇ ಈ ಕಳ್ಳತನ ಲೋಕವ್ಯಾಪಿ ಆದುದರಿಂದ. ವಯಸ್ಸು ಸರಿಯಿದ್ದೂ ಬೇಗ ಬೆಳೆದ ಮಕ್ಕಳಿರುತ್ತಾರೆ, ಅವರ ದೇಹ ಅಪರಾಧವಲ್ಲ. ಹಾಗಾಗಿ ಪ್ರಶ್ನೆ ಎದುರಾಳಿಯ ಮೈಯದಲ್ಲ. ಆ ಮೈಯನ್ನು ಆತ ಬಳಸಿದಾಗ ನೋಡುತ್ತಿದ್ದವರು ಏನು ಮಾಡಿದರು ಎಂಬುದೇ ಪ್ರಶ್ನೆ.

ಕಂಚಿನಲ್ಲಿ ನಿಂತ ಸಿಟ್ಟು

ಒದೆ, ಬೈಗುಳ, ಪ್ರತೀಕಾರ ಎಂದ ಕೂಡಲೇ ನಮ್ಮ ತಲೆಮಾರಿನ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. 2006ರ ಜುಲೈ 9, ಬರ್ಲಿನ್. ವಿಶ್ವಕಪ್ ಫೈನಲ್ಲಿನ ಹೆಚ್ಚುವರಿ ಸಮಯ. ಇಟಲಿಯ ಮಾಟೆರಾಜ್ಜಿ ಏನೋ ಅಂದ. ಮುಂದೆ ಹೋಗುತ್ತಿದ್ದ ಜಿನೆದಿನ್ ಜಿದಾನ್ ತಿರುಗಿ ಬಂದು ಅವನ ಎದೆಗೆ ತಲೆಯಿಂದ ಗುದ್ದಿದ. ಕೆಂಪು ಕಾರ್ಡ್. ಫ್ರಾನ್ಸ್ ಪೆನಾಲ್ಟಿಯಲ್ಲಿ ಸೋತಿತು. ಅಲ್ಜೀರಿಯದಿಂದ ವಲಸೆ ಬಂದ ತಂದೆ ತಾಯಿಯ ಮಗ ಜಿದಾನ್ ನಮ್ಮ ಓಣಿಗಳಲ್ಲಿ ಆಗಲೇ ಮನೆಮಗನಾಗಿದ್ದ. ಆ ರಾತ್ರಿ ಅವನು ಸೋತನೋ ಗೆದ್ದನೋ ಎಂಬ ವಾದ ಚಹಾದಂಗಡಿಗಳಲ್ಲಿ ತಿಂಗಳುಗಟ್ಟಲೆ ನಡೆಯಿತು. ಬೈದದ್ದು ಅಕ್ಕನನ್ನು ಎಂದು ತಿಳಿದ ಮೇಲಂತೂ ಬಹಳ ಮಂದಿಗೆ ಆ ಗುದ್ದು ಮರ್ಯಾದೆಯ ಗುದ್ದಾಯಿತು.

ಅಲ್ಜೀರಿಯದಲ್ಲೇ ಹುಟ್ಟಿದ ಕಲಾವಿದ ಆದೆಲ್ ಅಬ್ದೆಸ್ಸಮೆದ್ ಆ ಕ್ಷಣವನ್ನು ಐದು ಮೀಟರಿಗೂ ಎತ್ತರದ ಕಂಚಿನ ಪ್ರತಿಮೆ ಮಾಡಿದ. 2012ರಲ್ಲಿ ಅದು ಪ್ಯಾರಿಸ್ಸಿನ ಪಾಂಪಿದು ಕೇಂದ್ರದೆದುರು ನಿಂತಿತು. 2013ರಲ್ಲಿ ದೋಹಾದ ಕಡಲ ದಂಡೆಗೆ ಬಂದಾಗ ವಿಗ್ರಹವೆಂದು ಕೆಲವರು, ಹಿಂಸೆಯ ಪ್ರಚಾರವೆಂದು ಕೆಲವರು ದೂರಿದರು. ಕೆಲವೇ ವಾರಗಳಲ್ಲಿ ತೆಗೆದರು. ವಿಶ್ವಕಪ್ ನಡೆದ 2022ರಲ್ಲಿ ಅಲ್ಲಿನ ಕ್ರೀಡಾ ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದರು.

ನಮ್ಮ ತಕರಾರು ಈ ಎರಡೂ ಬಗೆಯದಲ್ಲ. ಪ್ರತಿಮೆಯಲ್ಲಿರುವುದು ಎರಡೇ ಮೈಗಳು, ಗುದ್ದಿದವನು ಮತ್ತು ಗುದ್ದಿಸಿಕೊಂಡವನು. ನಡೆದ ಘಟನೆಯಲ್ಲಿ ಇನ್ನೂ ಇಬ್ಬರಿದ್ದರು. ರೆಫರಿ ಎಲಿಸೊಂಡೊ ಆ ಗುದ್ದನ್ನು ಕಂಡಿರಲಿಲ್ಲ. ಗೆರೆಯಾಚೆ ನಿಂತಿದ್ದ ನಾಲ್ಕನೆಯ ಅಧಿಕಾರಿ ಕಂಡು ತಿಳಿಸಿದ ಮೇಲೆಯೇ ಕಾರ್ಡ್ ಬಂದದ್ದು. ಗುದ್ದನ್ನು ಕಾಣಲು ನಾಲ್ಕನೆಯ ಕಣ್ಣಿತ್ತು, ಮಾತನ್ನು ಕೇಳಲು ಕಿವಿ ಇರಲಿಲ್ಲ. ಆಮೇಲೆ ಫಿಫಾ ವಿಚಾರಣೆ ನಡೆಸಿ ಜಿದಾನನಿಗೆ ಮೂರು ಪಂದ್ಯಗಳ, ಮಾಟೆರಾಜ್ಜಿಗೆ ಎರಡು ಪಂದ್ಯಗಳ ನಿಷೇಧ, ಇಬ್ಬರಿಗೂ ದಂಡ ಹಾಕಿತು. ಅಂದರೆ ಮಾತಿಗೂ ಶಿಕ್ಷೆ ಆಯಿತು. ಜಿದಾನ್ ಕೂಡ ಟಿ.ವಿ.ಯಲ್ಲಿ ಕುಳಿತು, ಅದನ್ನು ನೋಡಿದ ಮಕ್ಕಳ ಕ್ಷಮೆ ಕೇಳಿದ. ಆದರೆ ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂದ. ಈ ತೊಡಕೆಲ್ಲ ನಮ್ಮ ನೆನಪಿನಿಂದ ಅಳಿಸಿಹೋಗಿ ಗುದ್ದು ಮಾತ್ರ ಉಳಿದಿದೆ. ಮಾತಿಗೆ ಎರಡು ಪಂದ್ಯಗಳ ಶಿಕ್ಷೆಯಾಯಿತು ಎಂದು ನಮ್ಮ ಎಷ್ಟು ಹುಡುಗರಿಗೆ ಗೊತ್ತು? ಗೊತ್ತಿದ್ದರೆ, ದೂರು ಕೊಡುವುದು ಹೇಡಿತನ ಎಂಬ ನಂಬಿಕೆ ಸ್ವಲ್ಪವಾದರೂ ಅಲುಗುತ್ತಿತ್ತು.

ಮೂರು ಸಿನೆಮಾ, ಒಂದೇ ಕೊರತೆ

ಗುರಿಂದರ್ ಚಡ್ಡಾ ಅವರ ‘ಬೆಂಡ್ ಇಟ್ ಲೈಕ್ ಬೆಕಮ್’ 2002ರಲ್ಲಿ ಬಂತು. ಲಂಡನ್ನಿನ ಪಂಜಾಬಿ ಮನೆಯ ಹುಡುಗಿ ಜೆಸ್, ತನ್ನನ್ನು ‘ಪಾಕಿ’ ಎಂದು ಬೈದ ಎದುರಾಳಿಯನ್ನು ತಳ್ಳಿ ಕೆಂಪು ಕಾರ್ಡ್ ಪಡೆಯುತ್ತಾಳೆ. ಕೋಚ್ ಮೊದಲು ರೇಗುತ್ತಾನೆ. ಆಮೇಲೆ, ಐರಿಷ್ ಆದ ತನಗೆ ಆ ನೋವು ಅರ್ಥವಾಗುತ್ತದೆ ಎಂದು ಸಂತೈಸುತ್ತಾನೆ. ಹುಡುಗಿಯ ತಂದೆಯ ಕಥೆಯೂ ಜೊತೆಗಿದೆ. ನೈರೋಬಿಯಲ್ಲಿ ಒಳ್ಳೆಯ ಬೌಲರ್ ಆಗಿದ್ದವನು ಇಂಗ್ಲೆಂಡಿನ ಕ್ಲಬ್ಬುಗಳು ಅವಮಾನಿಸಿದ ಮೇಲೆ ಆಟವನ್ನೇ ಬಿಟ್ಟವನು. ನಮ್ಮ ಎರಡು ಉಪದೇಶಗಳು ಇಲ್ಲಿ ಎರಡು ಪಾತ್ರಗಳಾಗಿವೆ: ಮಗಳದು ತಿರುಗಿ ತಳ್ಳುವ ದಾರಿ, ತಂದೆಯದು ನುಂಗಿಕೊಂಡು ಹಿಂದೆ ಸರಿಯುವ ದಾರಿ. ಎರಡೂ ಸಾಲವು ಎಂದು ಚಿತ್ರಕ್ಕೆ ಗೊತ್ತು, ಅದೇ ಅದರ ಹೆಚ್ಚುಗಾರಿಕೆ. ಆದರೆ ಬೈದ ಹುಡುಗಿ ಏನಾದಳು? ರೆಫರಿಗೆ ಆ ಮಾತು ಯಾರಾದರೂ ತಿಳಿಸಿದರೇ? ಕೋಚಿನ ಕೆಲಸ ಅಪ್ಪಿಕೊಳ್ಳುವುದಷ್ಟೇ ಆಗಿತ್ತೇ? ಚಿತ್ರ ಗಾಯಕ್ಕೆ ಪ್ರೀತಿಯ ಮುಲಾಮು ಹಚ್ಚಿ ಮುಂದೆ ಹೋಗುತ್ತದೆ. ಮುಲಾಮು ಬೇಕು. ಆದರೆ ಮುಲಾಮು ನ್ಯಾಯವಲ್ಲ.

ನಾಗರಾಜ ಮಂಜುಳೆ ಅವರ ‘ಝುಂಡ್’ (2022) ಇನ್ನೂ ಒಳಗೆ ಹೋಗುತ್ತದೆ. ನಾಗಪುರದಲ್ಲಿ ಕೊಳೆಗೇರಿಯ ಮಕ್ಕಳಿಗೆ ಫುಟ್ಬಾಲ್ ಕಲಿಸಿದ ವಿಜಯ್ ಬಾರ್ಸೆ ಅವರ ಕೆಲಸದಿಂದ ಪ್ರೇರಣೆ ಪಡೆದ ಚಿತ್ರ ಇದು. ನಡುವೆ ಒಂದು ಗೋಡೆ; ಈಚೆ ಕೇರಿ, ಆಚೆ ಕಾಲೇಜು. ಆಚೆಯ ಕಣ್ಣಿಗೆ ಈಚೆಯ ಹುಡುಗರು ಹುಟ್ಟಾ ಒರಟರು. ಒರಟುತನ ಎಂಬುದು ಕಾಲಿನಲ್ಲಿ ಇರುವುದಕ್ಕಿಂತ ಮೊದಲು ನೋಡುವವರ ಕಣ್ಣಿನಲ್ಲಿ ಇರುತ್ತದೆ ಎಂಬುದನ್ನು ಮಂಜುಳೆ ಬಲ್ಲರು. ಸಿರುಗುಪ್ಪದಿಂದ ಬಂದ ಬರಿಗಾಲಿನ ಹುಡುಗ ಓಡಿ ಬಂದು ಚೆಂಡು ಕಸಿದರೆ ‘ಹಳ್ಳಿ ಆಟ, ಒರಟಾಟ’. ಅದನ್ನೇ ಬೂಟಿನ ಹುಡುಗ ಮಾಡಿದರೆ ‘ಛಲದ ಆಟ’! ಸೀಟಿ ಹಿಡಿದವರಿಗೂ ಈ ಕಣ್ಣೇ ಇರುವುದರಿಂದ ಹಳ್ಳಿಯವನ ಮೇಲೆ ಫೌಲ್ ಬೇಗ ಬೀಳುತ್ತದೆ. ಜಗಳ ಬಿಡಲು ಹೊರಟ ಹುಡುಗನನ್ನು ಹಳೆಯ ಜಗಳ ಹೇಗೆ ಬಿಡುವುದಿಲ್ಲ ಎಂಬುದನ್ನೂ ಚಿತ್ರ ಮನ ಮುಟ್ಟುವಂತೆ ತೋರಿಸುತ್ತದೆ. ಆದರೆ ಅಂಗಳದೊಳಗೆ ಅದೂ ಹಳೆಯ ದಾರಿಯನ್ನೇ ಹಿಡಿಯುತ್ತದೆ: ಅವಮಾನಕ್ಕೆ ಗೋಲೇ ಉತ್ತರ. ಗೆದ್ದರೆ ಸರಿ. ಸೋತವನ ಅವಮಾನಕ್ಕೆ ಉತ್ತರ ಕೊಡುವವರು ಯಾರು?

ವಿಚಿತ್ರವೆಂದರೆ ಈ ಪ್ರಶ್ನೆಗೆ ಚಿತ್ರಕ್ಕಿಂತ ಒಳ್ಳೆಯ ಉತ್ತರ ಆ ಕೆಲಸದಲ್ಲೇ ಇದೆ. ಬಾರ್ಸೆ ಕಟ್ಟಿದ ‘ಸ್ಲಮ್ ಸಾಕರ್’ ಸಂಸ್ಥೆ ಬಳಸುವ ಒಂದು ಪದ್ಧತಿಗೆ ‘ಫುಟ್ಬಾಲ್ 3’ ಎಂದು ಹೆಸರು. ಅದರಲ್ಲಿ ಪಂದ್ಯಕ್ಕೆ ಎರಡಲ್ಲ, ಮೂರು ಭಾಗ. ಆಟಕ್ಕೆ ಮೊದಲು ಎರಡೂ ತಂಡಗಳು ಕೂತು ನಿಯಮ ಒಪ್ಪಿಕೊಳ್ಳುತ್ತವೆ, ನಡುವೆ ಆಟ, ಮುಗಿದ ಮೇಲೆ ಮತ್ತೆ ಕೂತು ಯಾರು ಒಪ್ಪಂದಕ್ಕೆ ನಿಂತರು, ಯಾರು ತಪ್ಪಿದರು ಎಂದು ಮಾತಾಡಿ ಅದಕ್ಕೂ ಅಂಕ ಕೊಡುತ್ತವೆ. ರೆಫರಿ ಇಲ್ಲ, ಮಧ್ಯಸ್ಥರಿದ್ದಾರೆ. ಇದರ ಬೇರು ಕೊಲಂಬಿಯದ ಮೆಡೆಯಿನ್ ನಗರದಲ್ಲಿದೆ. 1994ರ ವಿಶ್ವಕಪ್ಪಿನಲ್ಲಿ ತನ್ನದೇ ಗೂಡಿಗೆ ಗೋಲು ಹೊಡೆದ ಆಂದ್ರೆಸ್ ಎಸ್ಕೊಬಾರನನ್ನು ಊರಿಗೆ ಮರಳಿದ ಮೇಲೆ ಗುಂಡಿಟ್ಟು ಕೊಂದರು. ಆಟಕ್ಕೆ ಅಷ್ಟು ರಕ್ತ ಅಂಟಿದ ಊರಿನಲ್ಲಿ, ಓಣಿಯ ಹುಡುಗರ ನಡುವೆ ಈ ಮಾತುಕತೆಯ ಆಟ ಹುಟ್ಟಿತು. ನಮ್ಮ ಪಂಚಾಯ್ತಿ ಕಟ್ಟೆಯ ಜನಕ್ಕೆ ಇದು ಹೊಸದೇನೂ ಅಲ್ಲ. ಕಟ್ಟೆಯನ್ನು ಮೈದಾನಕ್ಕೆ ತರಬೇಕು, ಅಷ್ಟೆ.

ಮೂರನೆಯದು ಅಮಿತ್ ಶರ್ಮಾ ಅವರ ‘ಮೈದಾನ್’ (2024). ಹೈದರಾಬಾದಿನ ಮೇಷ್ಟ್ರು, ಕೋಚ್ ಸೈಯದ್ ಅಬ್ದುಲ್ ರಹೀಂ ಅವರ ಕಥೆ. 1962ರ ಸೆಪ್ಟೆಂಬರ್ 4ರಂದು ಜಕಾರ್ತಾದ ಏಷ್ಯನ್ ಕ್ರೀಡಾಕೂಟದ ಫೈನಲ್ಲಿನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿತು. ಇಸ್ರೇಲ್ ಮತ್ತು ತೈವಾನನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತೀಯ ಅಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಇಡೀ ಕ್ರೀಡಾಂಗಣ ನಮ್ಮವರ ಮೇಲೆ ಮುನಿದಿತ್ತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್ ರಕ್ಷಣೆಯ ಜಾಗ ಬಿಟ್ಟು ಮುಂದೆ ಹೋಗಿ ಗೋಲು ಹೊಡೆದರು. ಇವೆಲ್ಲ ಸಿನೆಮಾಕ್ಕೆ ಹೇಳಿ ಮಾಡಿಸಿದ ಸಂಗತಿಗಳು. ಚಿತ್ರ ಅವನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಆದರೆ ಇಂಥ ಕಥೆ ಹುಡುಗರ ಕೈಗೆ ಹೋದಾಗ ಎಚ್ಚರ ಬೇಕು. ತಲೆಗೆ ಪೆಟ್ಟು ಬಿದ್ದವನು ಆಡಿದ್ದು 1962ರ ಶೌರ್ಯ. ಇಂದು ಹದಿಮೂರರ ಹುಡುಗನಿಗೆ ತಲೆಗೆ ಪೆಟ್ಟಾದರೆ ಅವನನ್ನು ಅಂಗಳದಿಂದ ಹೊರತಂದು ಡಾಕ್ಟರಿಗೆ ತೋರಿಸುವುದೇ ಸರಿ. ‘ಜರ್ನೈಲ್ ಸಿಂಗ್ ಆಡಲಿಲ್ವಾ?’ ಎನ್ನುವವರು ಮಗುವಿನ ತಲೆಯನ್ನು ಸಿನೆಮಾದ ತೆರೆ ಎಂದುಕೊಂಡವರು.

ಚಿತ್ರ ಮುಗಿದು ಹೊರಬಂದ ಹುಡುಗರ ಬಾಯಲ್ಲಿ ಉಳಿದದ್ದು ಜಕಾರ್ತಾ. ನಮ್ಮ ಪ್ರಶ್ನೆಗೆ ಬೇಕಾದ ರಹೀಂ ಇರುವುದು ಹೈದರಾಬಾದಿನ ಎಳೆಯರ ಮೈದಾನಗಳಲ್ಲಿ. ಅಲ್ಲಿ ಅವರು ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡಬಾರದೆಂಬ ನಿಯಮದ ಪಂದ್ಯಾವಳಿ ನಡೆಸುತ್ತಿದ್ದರು, ಬಳಕೆಯಿಲ್ಲದ ಕಾಲಿನಿಂದ ಮಾತ್ರ ಆಡುವ ಪಂದ್ಯ ಇಡುತ್ತಿದ್ದರು. ಇದು ಚಮತ್ಕಾರಕ್ಕಲ್ಲ. ಚೆಂಡು ಕಾಲಲ್ಲಿ ಹೆಚ್ಚು ಹೊತ್ತು ನಿಂತರೆ ಎದುರಾಳಿಯ ಬೂಟು ಬರಲು ಸಮಯ ಸಿಗುತ್ತದೆ. ಬಂದ ತಕ್ಷಣ ಜೊತೆಯವನಿಗೆ ದಾಟಿಸಿದರೆ ಬೂಟು ಬರುವ ಹೊತ್ತಿಗೆ ಅಲ್ಲಿ ಚೆಂಡೂ ಇಲ್ಲ, ಕಾಲೂ ಇಲ್ಲ. ಸಣ್ಣ ಮೈಯ ಹುಡುಗ ದೊಡ್ಡ ಮೈಯವನನ್ನು ಎದುರಿಸಲು ಇದಕ್ಕಿಂತ ಒಳ್ಳೆಯ ವಿದ್ಯೆ ಇಲ್ಲ. ತಿರುಗಿ ಒದೆಯುವುದಕ್ಕೂ ನುಂಗಿಕೊಳ್ಳುವುದಕ್ಕೂ ನಡುವೆ ಒಬ್ಬ ಮೇಷ್ಟ್ರು ಕಂಡ ದಾರಿ ಅದು.

ದೊಡ್ಡವರ ಕೈ

ಮಕ್ಕಳ ಸಿಟ್ಟಿನ ಬಗ್ಗೆ ಮಾತಾಡುವ ಮೊದಲು ನಮ್ಮದೇ ರಾಜಧಾನಿಯ ಒಂದು ಸಂಜೆ ನೆನೆಯಬೇಕು. 2023ರ ಜೂನ್ 21, ಕಂಠೀರವ ಕ್ರೀಡಾಂಗಣ, ಸ್ಯಾಫ್ ಚಾಂಪಿಯನ್‌ಷಿಪ್, ಭಾರತ-ಪಾಕಿಸ್ತಾನ. ಸುನಿಲ್ ಛೆಟ್ರಿ ಮೂರು ಗೋಲು ಹೊಡೆದು ಭಾರತ 4-0ರಿಂದ ಗೆದ್ದ ಪಂದ್ಯ. ಮೊದಲ ಅರ್ಧ ಮುಗಿಯುವ ಮುನ್ನ ಭಾರತದ ಕೋಚ್ ಇಗೊರ್ ಸ್ಟಿಮಾಚ್, ಗೆರೆಯ ಪಕ್ಕ ಚೆಂಡು ಎಸೆಯಲು ನಿಂತಿದ್ದ ಪಾಕಿಸ್ತಾನಿ ಆಟಗಾರನ ಕೈಯಿಂದ ಚೆಂಡನ್ನು ತಟ್ಟಿ ಬೀಳಿಸಿದರು. ನೂಕುನುಗ್ಗಲು ಆಯಿತು. ಕೋಚಿಗೆ ಕೆಂಪು ಕಾರ್ಡ್. ತನ್ನ ಹುಡುಗರನ್ನು ಕಾಪಾಡಲು ಬೇಕಾದರೆ ಮತ್ತೆ ಹಾಗೇ ಮಾಡುತ್ತೇನೆ ಎಂಬ ಅರ್ಥದ ಮಾತನ್ನು ಅವರು ಆಮೇಲೆ ಹೇಳಿದರು. ಅದೇ ಪಂದ್ಯಾವಳಿಯಲ್ಲಿ ಕುವೈತ್ ವಿರುದ್ಧ ಮತ್ತೊಮ್ಮೆ ಹೊರಗೆ ಕಳುಹಿಸಿದರು. ಕೊನೆಗೆ ಭಾರತ ಕಪ್ಪು ಗೆದ್ದಿತು, ಕೋಚ್ ಇಲ್ಲದ ಬೆಂಚಿನಿಂದಲೇ.

ಬಹಳ ಮಂದಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮಕ್ಕಳಿಗೆ ಏನು ಹೇಳಿತು ಎಂಬುದು ನಮ್ಮ ಚಿಂತೆ. ಅನ್ಯಾಯ ಕಂಡರೆ ಕೈ ಮಾಡಬಹುದು, ಎದುರಿಗಿರುವವನು ಯಾರು ಎಂಬುದರ ಮೇಲೆ ಅದು ಶೌರ್ಯ ಆಗುತ್ತದೆ ಎಂದು ತಾನೇ? ಕೋಚಿನ ಕೈ ಚೆಂಡಿಗೆ ಹೋದರೆ ಹುಡುಗನ ಕಾಲು ಮೊಣಕಾಲಿಗೆ ಹೋಗುತ್ತದೆ. ನಮ್ಮ ಶಾಲಾ ಪಂದ್ಯಗಳಲ್ಲಿ ಗೆರೆಯಾಚೆಯಿಂದ ‘ಕಾಲು ಮುರಿಯಲೇ ಅವಂದು’ ಎಂದು ಕೂಗುವ ದೊಡ್ಡವರನ್ನು ನಾವು ಕಂಡಿದ್ದೇವೆ. ಆ ಮಾತು ಕೇಳಿ ಓಡುವವನು ಕೂಡ ಮಗುವೇ. ಅವನನ್ನು ‘ಆಕ್ರಮಣಕಾರಿ ಎದುರಾಳಿ’ ಎಂದು ಕರೆಯುವ ಮುನ್ನ ಅವನಿಗೆ ಆಜ್ಞೆ ಕೊಟ್ಟ ಗಂಟಲು ಯಾವುದು ಎಂದು ನೋಡಬೇಕು. 2019ರಿಂದ ಆಟದ ನಿಯಮಗಳು ಕೋಚ್ ಮತ್ತಿತರ ತಂಡದ ಅಧಿಕಾರಿಗಳಿಗೂ ಕಾರ್ಡ್ ತೋರಿಸಲು ರೆಫರಿಗೆ ಅಧಿಕಾರ ಕೊಟ್ಟಿವೆ. ನಮ್ಮ ತಾಲ್ಲೂಕು ಪಂದ್ಯಗಳಲ್ಲಿ ಅಂಥ ಒಂದೇ ಒಂದು ಕಾರ್ಡ್ ಹೊರಬರಲಿ, ಗೆರೆಯಾಚೆ ಮೌನ ಎಷ್ಟು ಬೇಗ ಇಳಿಯುತ್ತದೆ ನೋಡಿ.

ನಾಲಿಗೆಯ ಫೌಲ್

ಕಾಲಿನ ಒದೆ ಎರಡು ದಿನದಲ್ಲಿ ಮಾಯುತ್ತದೆ. ನಾಲಿಗೆಯದು ಹಾಗಲ್ಲ. ಮುಸ್ಲಿಂ ಹುಡುಗರು ಹೆಚ್ಚಿರುವ ತಂಡ ಅಂಗಳಕ್ಕೆ ಇಳಿದರೆ ‘ಪಾಕಿಸ್ತಾನ್ ಟೀಮು’ ಎನ್ನುವ ಮಾತು, ಹಳ್ಳಿಯಿಂದ ಬಂದವರಿಗೆ ಗುಗ್ಗುಗಳೆಂಬ ಮಾತು, ದಲಿತ ಹುಡುಗನಿಗೆ ಅವನ ಕೇರಿಯ ಹೆಸರು. ಲಂಡನ್ನಿನ ಜೆಸ್ ಕೇಳಿದ ಬೈಗುಳವೇ ವೇಷ ಬದಲಿಸಿ ನಮ್ಮಲ್ಲಿ ಓಡಾಡುತ್ತಿದೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಮ್ಮ ಓಣಿಯ ಹುಡುಗರ ಬಾಯಲ್ಲೂ ಜಾತಿಯ ಬೈಗುಳ, ಅಮ್ಮ ಅಕ್ಕಂದಿರ ಬೈಗುಳ ಸಲೀಸಾಗಿ ಬರುತ್ತವೆ. ತಮಗೆ ಅಂದಾಗ ಉರಿಯುವವರು ತಾವು ಅನ್ನುವಾಗ ನಗುತ್ತಾರೆ.

ಇದು ಓಣಿಯಲ್ಲೇ ನಿಲ್ಲುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ನಡೆದ ಹದಿನೇಳರ ಒಳಗಿನವರ ಸ್ಯಾಫ್ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು 3-2ರಿಂದ ಸೋಲಿಸಿತು. ಅದರಲ್ಲಿ ಗೋಲು ಹೊಡೆದ ಪಾಕಿಸ್ತಾನದ ಹುಡುಗನೊಬ್ಬ, ಸೆರೆಸಿಕ್ಕ ಭಾರತೀಯ ಪೈಲಟ್‌ನ ಹಳೆಯ ಪ್ರಸಂಗವನ್ನು ಅಣಕಿಸುವಂತೆ ಚಹಾ ಕುಡಿಯುವ ಅಭಿನಯ ಮಾಡಿದ. ಆ ವಯಸ್ಸಿನ ಹುಡುಗನಿಗೆ ಆ ಅಣಕ ಸ್ವಂತದ್ದಲ್ಲ. ಎರಡೂ ದೇಶಗಳ ದೊಡ್ಡವರು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಆಡುತ್ತಿದ್ದ ನಾಟಕವನ್ನು ಅವನು ಒಪ್ಪಿಸಿದ. ಇದಕ್ಕೆ ಎದುರಾಗಿ ಇನ್ನೊಂದು ನೆನಪನ್ನು ಇಡಬೇಕು. ಜಕಾರ್ತಾದ ಆ ಫೈನಲ್ಲಿನಲ್ಲಿ ಇಡೀ ಕ್ರೀಡಾಂಗಣ ಭಾರತದ ವಿರುದ್ಧ ಕೂಗುತ್ತಿದ್ದಾಗ, ನಮ್ಮವರ ಪರವಾಗಿ ಕೂಗಿದ್ದು ಅಲ್ಲಿಗೆ ಬಂದಿದ್ದ ಪಾಕಿಸ್ತಾನದ ಹಾಕಿ ಆಟಗಾರರು ಎಂದು ಆ ತಂಡದವರು ಮುಂದೆ ನೆನೆದಿದ್ದಾರೆ. ‘ಪಾಕಿಸ್ತಾನ್ ಟೀಮು’ ಎಂದು ಬೈಯುವ ಹುಡುಗನಿಗೂ, ಬೈಸಿಕೊಂಡು ಕುದಿಯುವ ಹುಡುಗನಿಗೂ ಹೇಳಬೇಕಾದ ಕಥೆ ಇದು.

ಬರೀ ಕಥೆ ಸಾಲದು, ಕಾನೂನೂ ಬೇಕು. ಫುಟ್ಬಾಲಿನ ಹನ್ನೆರಡನೆಯ ನಿಯಮ ಒರಟಾಟವನ್ನು ಮೂರು ಮೆಟ್ಟಿಲಿನಲ್ಲಿ ಅಳೆಯುತ್ತದೆ. ಅಜಾಗರೂಕತೆಯಿಂದ ತಗುಲಿದರೆ ಫೌಲ್ ಮಾತ್ರ. ಎದುರಾಳಿಗೆ ಅಪಾಯವಾದೀತೆಂಬ ಪರಿವೆಯಿಲ್ಲದೆ ನುಗ್ಗಿದರೆ ಹಳದಿ ಕಾರ್ಡ್. ಅತಿಯಾದ ಬಲ ಬಳಸಿದರೆ ಕೆಂಪು. ಭುಜಕ್ಕೆ ಭುಜ ಕೊಟ್ಟು ನ್ಯಾಯವಾಗಿ ಚೆಂಡಿಗೆ ಹೋರಾಡುವುದು ತಪ್ಪೇ ಅಲ್ಲ. ಆದ್ದರಿಂದ ‘ಹೀಗೆಲ್ಲ ಮಾಡಿದರೆ ಆಟ ಮೆತ್ತಗಾಗುತ್ತದೆ’ ಎಂಬ ಆಕ್ಷೇಪಕ್ಕೆ ಆಧಾರವಿಲ್ಲ. ಗಟ್ಟಿ ಆಟಕ್ಕೂ ಕ್ರೂರ ಆಟಕ್ಕೂ ಇರುವ ಗೆರೆಯನ್ನು ನಿಯಮವೇ ಎಳೆದಿದೆ. ಬಹಳ ಮೇಷ್ಟ್ರುಗಳ ಗಮನಕ್ಕೆ ಬಾರದ ಸಾಲೊಂದು ಅದೇ ನಿಯಮದಲ್ಲಿದೆ: ಅವಮಾನಕರ, ನಿಂದನೆಯ ಮಾತು ಅಥವಾ ಸನ್ನೆಗೆ ಶಿಕ್ಷೆ ನೇರವಾಗಿ ಕೆಂಪು ಕಾರ್ಡ್. ಅಂದರೆ ನಾಲಿಗೆಯ ಫೌಲ್ ಕಾಲಿನ ಅತಿ ಘೋರ ಫೌಲಿಗೆ ಸಮ. ‘ಮಾತಲ್ಲವಾ, ಬಿಡು’ ಎನ್ನುವ ಅಧಿಕಾರ ರೆಫರಿಗೆ ಇಲ್ಲ. 2024ರ ಮೇ ತಿಂಗಳಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ಫಿಫಾ ಮಹಾಸಭೆ ಜನಾಂಗ ನಿಂದನೆಗೆ ಒಳಗಾದ ಆಟಗಾರನಿಗೆ ಒಂದು ಸನ್ನೆಯನ್ನೂ ಕೊಟ್ಟಿತು: ಎರಡೂ ಕೈಗಳನ್ನು ಮಣಿಕಟ್ಟಿನಲ್ಲಿ ಅಡ್ಡ ಹಾಕಿ ರೆಫರಿಗೆ ತೋರಿಸುವುದು. ಅದನ್ನು ಕಂಡರೆ ಮೊದಲು ಪಂದ್ಯ ನಿಲ್ಲಿಸಬೇಕು, ಮುಂದುವರಿದರೆ ಸ್ವಲ್ಪ ಹೊತ್ತು ತಂಡಗಳನ್ನು ಹೊರಗೆ ಕರೆಯಬೇಕು, ಮತ್ತೂ ನಿಲ್ಲದಿದ್ದರೆ ಪಂದ್ಯವನ್ನೇ ಕೈಬಿಡಬೇಕು. ಗುದ್ದಲು ಎತ್ತಿದ ಕೈಗೆ ಮಾಡಲು ಇನ್ನೊಂದು ಕೆಲಸ ಸಿಕ್ಕಿತು. ಇದು ಸಣ್ಣ ಸಂಗತಿಯಲ್ಲ.

ಸಬರ್ ಎಂದರೆ

ಸಬರ್ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಬಹಳ ಸವೆಸಿಬಿಟ್ಟಿದ್ದೇವೆ. ಅದು ಬಾಯಿ ಮುಚ್ಚಿಕೊಂಡು ಮೂಲೆ ಸೇರುವುದಕ್ಕೆ ಕೊಟ್ಟ ಹೆಸರಾಗಿದೆ. ಮೂಲದಲ್ಲಿ ಅದರ ಅರ್ಥ ಕಾಲೂರಿ ನಿಲ್ಲುವುದು, ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಂಡು ಕೆಲಸ ಬಿಡದಿರುವುದು. ಹಾಗೆ ನೋಡಿದರೆ ಅಂಗಳದಲ್ಲಿ ಸಬರ್ ಒಂದು ಕಲಿಕೆ. ಅದನ್ನು ಕಲಿಸಬಹುದು, ಕಲಿಸಬೇಕು.

ಚೆಂಡು ಬರುವ ಮುನ್ನ ಹೆಗಲ ಮೇಲಿಂದ ಹಿಂದೆ ನೋಡು. ಒರಟನು ಯಾವ ಕಡೆ ಇದ್ದಾನೆಂದು ತಿಳಿದರೆ ಮೊದಲ ತಾಗಿನಲ್ಲೇ ಚೆಂಡನ್ನು ಆಚೆ ಕಡೆ ತಿರುಗಿಸಬಹುದು. ದಾಟಿಸಲು ಆಗದಿದ್ದರೆ ಅವನಿಗೂ ಚೆಂಡಿಗೂ ನಡುವೆ ಮೈಯನ್ನು ಓರೆಯಾಗಿ ಇಡು. ಚೆಂಡು ಆಡುವ ಅಂತರದಲ್ಲಿ ಇರುವವರೆಗೆ ಅದು ನಿಯಮಕ್ಕೆ ಒಪ್ಪಿತ. ಮೊಣಕಾಲ ಕೆಳಗೆ ಶಿನ್ ಗಾರ್ಡ್ ಕಟ್ಟು. ನಿಯಮದ ಪ್ರಕಾರ ಅದು ಕಡ್ಡಾಯ, ನಮ್ಮಲ್ಲಿ ಇನ್ನೂ ಐಷಾರಾಮ. ಶಾಲೆಯ ಕ್ರೀಡಾ ಹಣದಲ್ಲಿ ಬಣ್ಣದ ಜೆರ್ಸಿಗಿಂತ ಮೊದಲು ಅದನ್ನು ಕೊಳ್ಳಬೇಕು. ಒದೆ ಬಿದ್ದರೆ ಎದ್ದು ಒದ್ದವನಿಂದ ನಾಲ್ಕು ಹೆಜ್ಜೆ ದೂರ ನಡೆ. ಅವನ ಮುಖ ನೋಡಬೇಡ. ರೆಫರಿಯ ಹತ್ತಿರ ಕ್ಯಾಪ್ಟನ್ ಹೋಗಲಿ, ಬಂದ ಫ್ರೀ ಕಿಕ್ಕನ್ನು ಬೇಗ ಆಡು. ಹುಡುಗನ ಪಾಲಿನ ಕೆಲಸ ಇಷ್ಟೇ. ಮಿಕ್ಕದ್ದೆಲ್ಲ ದೊಡ್ಡವರದು.

ದೊಡ್ಡವರ ಪಾಲಿನ ಪಟ್ಟಿ ಉದ್ದವಿದೆ. ಪಂದ್ಯಕ್ಕೆ ಮ��ದಲು ಎರಡೂ ತಂಡದ ಮೇಷ್ಟ್ರುಗಳು, ಕ್ಯಾಪ್ಟನ್ನರು ರೆಫರಿಯ ಎದುರು ನಿಂತು ಯಾವ ಮಾತು, ಯಾವ ಒದೆ ನಡೆಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಕೊಳ್ಳಲಿ. ಮೊದಲ ಒರಟು ಫೌಲಿಗೇ ಸೀಟಿ ಗಟ್ಟಿಯಾಗಿ ಊದಲಿ. ಮೊದಲನೆಯದನ್ನು ಬಿಟ್ಟರೆ ಹತ್ತನೆಯದು ಕಾಲು ಮುರಿಯುತ್ತದೆ. ಕಿರಿಯರ ಆಟದಲ್ಲಿ ತಪ್ಪಿತಸ್ಥನನ್ನು ಕೆಲವು ನಿಮಿಷ ಮಾತ್ರ ಹೊರಗೆ ಕೂರಿಸಿ ಮತ್ತೆ ಒಳಬಿಡುವ ಪದ್ಧತಿಗೂ, ಹೊರಬಂದ ಆಟಗಾರ ಮತ್ತೆ ಇಳಿಯುವುದಕ್ಕೂ ಅವಕಾಶ ಮಾಡಿಕೊಳ್ಳಬಹುದೆಂದು ನಿಯಮ ರೂಪಿಸುವ ಮಂಡಳಿ 2017ರಲ್ಲೇ ಒಪ್ಪಿದೆ. ಸಂಘಟಕರು ಅದನ್ನು ಬರೆದು ಜಾರಿಗೆ ತರಬೇಕಷ್ಟೆ. ಸಿಟ್ಟೇರಿದ ಹುಡುಗನಿಗೆ ಐದು ನಿಮಿಷದ ನೆರಳು, ಒಂದು ಲೋಟ ನೀರು ಸಿಕ್ಕರೆ ಅವನ ಕಾಲೂ ಉಳಿಯುತ್ತದೆ, ಎದುರಾಳಿಯದೂ. ಒದೆಸಿಕೊಂಡವನನ್ನು ಹೊರತಂದಾಗ ಅದು ಶಿಕ್ಷೆಯಲ್ಲ ಎಂದು ಅವನಿಗೆ ಮೊದಲೇ ಹೇಳಿರಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಒಂದಿದೆ: ತನ್ನ ತಂಡದ ಹುಡುಗ ಒದ್ದಾಗ, ಬೈದಾಗ ರೆಫರಿ ನೋಡದಿದ್ದರೂ ಅವನನ್ನು ತಾನೇ ಹೊರಗೆ ಕರೆಯುವ ಮೇಷ್ಟ್ರು. ಅಂಥವರು ಬಳ್ಳಾರಿಯಲ್ಲೂ ಇದ್ದಾರೆ, ಸಿರುಗುಪ್ಪದಲ್ಲೂ ಇದ್ದಾರೆ. ಅವರ ಬಗ್ಗೆ ಯಾರೂ ಸಿನೆಮಾ ಮಾಡುವುದಿಲ್ಲ.

ನಮ್ಮ ತಕರಾರು ಇಷ್ಟೇ. ಜಿದಾನನ ಗುದ್ದಿಗೆ ಕಂಚು ಸಿಕ್ಕಿತು, ಜೆಸ್‌ಗೆ ಅಪ್ಪುಗೆ, ಝುಂಡಿನ ಹುಡುಗರಿಗೆ ಗೋಲು, ಜರ್ನೈಲ್ ಸಿಂಗರ ಹೊಲಿಗೆಗೆ ಚಿನ್ನದ ಪದಕ. ಇವೆಲ್ಲ ಒದೆಸಿಕೊಂಡವರ ಕಥೆಗಳು, ಒಳ್ಳೆಯ ಕಥೆಗಳೇ. ಸಮಯಕ್ಕೆ ಸರಿಯಾಗಿ ಸೀಟಿ ಊದಿ, ಕಥೆಯೇ ಆಗದಂತೆ ನೋಡಿಕೊಂಡ ಒಬ್ಬ ರೆಫರಿಯ ಕಥೆಯನ್ನು ನಮ್ಮಲ್ಲಿ ಯಾರೂ ಬರೆದಿಲ್ಲ. ಅದರಲ್ಲಿ ನಾಟಕವಿಲ್ಲ ಎನ್ನಬಹುದು. ಕುರುಗೋಡಿನ ಒಬ್ಬ ತಾಯಿ ಮಗ ಕುಂಟದೆ, ಮುಖ ಬಾಡಿಸಿಕೊಳ್ಳದೆ ಮನೆಗೆ ಬರುವುದನ್ನು ಬಾಗಿಲಲ್ಲಿ ನಿಂತು ನೋಡುವುದಕ್ಕಿಂತ ದೊಡ್ಡ ನಾಟಕ ಕಥೆಗಾರರಿಗೆ ಯಾಕೆ ಬೇಕು?